ಮನೆ ಬಿಟ್ಟಾಗಿಂದ ಹೇಳಿ

ದಾವಣಗೆರೆ ಸೀಮೆಯ ಜನರಿಗೆ ಒಂದು ಅಭ್ಯಾಸ ಇದೆ. ಎದುರಿಗೆ ನಿಂತು 'ಹೆಂಗಿತ್ರಿ?' ಅಂತ ಕೇಳಿದರೆ 'ಚೆನ್ನಾಗಿತ್ರಿ' ಅಂತಾರೆ. ಊಟ ಇರಲಿ, ಆಸ್ಪತ್ರೆ ಇರಲಿ, ಮಗಳ ಹಾಸ್ಟೆಲ್ ಇರಲಿ, ಉತ್ತರ ಅದೇ. ಕೇಳಿದವರ ಮನಸ್ಸು ಯಾಕೆ ಕೆಡಿಸಬೇಕು ಅಂತ. ನೆಂಟಸ್ತಿಕೆಗೆ ಇದು ಒಳ್ಳೆಯದೇ. ವ್ಯಾಪಾರ ಮಾಡೋರಿಗೆ ಮಾತ್ರ ಕಷ್ಟ. ಯಾವ ಅಂಗಡಿಯಲ್ಲಾದರೂ ಗಲ್ಲಾದ ಪಕ್ಕ ಇಟ್ಟಿರುವ ಅಭಿಪ್ರಾಯದ ಪುಸ್ತಕ ತೆಗೆದು ನೋಡಿ. ಗುಡ್. ವೆರಿ ಗುಡ್. ಚೆನ್ನಾಗಿದೆ. ಇನ್ನೂ ಜಾಸ್ತಿ ವೆರೈಟಿ ಇಡಿ. ಹಿಂಗೆ ಬರೆದು ಹೋದ ಗಿರಾಕಿ ಮುಂದಿನ ಸಲ ಪಕ್ಕದ ಅಂಗಡಿಗೆ ಹೋಗಿರುತ್ತಾನೆ. ಪುಸ್ತಕದಲ್ಲಿ ಅದಕ್ಕೆ ಕಾರಣ ಎಲ್ಲೂ ಸಿಗಲ್ಲ.

ನಾನು ಮಾಡುವ ಕೆಲಸಕ್ಕೆ ಬೆಂಗಳೂರಿನಲ್ಲಿ ಉದ್ದುದ್ದ ಹೆಸರುಗಳಿವೆ. ನಮ್ಮೂರಲ್ಲಿ ಯಾರಾದರೂ ಕೇಳಿದರೆ ಹೀಗೆ ಹೇಳುತ್ತೇನೆ: ಅಂಗಡಿಗೋ ಆಪ್‌ಗೋ ಬಂದ ಗಿರಾಕಿಗೆ ಎಲ್ಲಿ ಕಿರಿಕಿರಿ ಆಗುತ್ತಿದೆ ಅಂತ ಹುಡುಕೋದು, ಸರಿ ಮಾಡುವ ದಾರಿ ತೋರಿಸೋದು. ಹುಡುಕೋಕೆ ನನ್ನ ಹತ್ತಿರ ಇರೋದು ಒಂದೇ ಸಾಧನ. ಜನರಿಗೆ ಕಥೆ ಹೇಳೋಕೆ ಹಚ್ಚೋದು. ಅಭಿಪ್ರಾಯ ಕೇಳೋದಲ್ಲ, ನಡೆದಿದ್ದು ನಡೆದ ಹಾಗೆ ಹೇಳಿಸೋದು.

ಇದೇನೂ ಹೊಸದಲ್ಲ. ಎರಡನೇ ಮಹಾಯುದ್ಧದ ಹೊತ್ತಿನಲ್ಲಿ ಅಮೆರಿಕದ ಸೇನೆಯ ವಿಮಾನಗಳು ಶತ್ರುಗಳ ಕಾಟ ಇಲ್ಲದ ಕಡೆಯೂ ಹಾಳಾಗುತ್ತಿದ್ದವು. ಕಾಗದದಲ್ಲಿ 'ಪೈಲಟ್ ತಪ್ಪು' ಅಂತ ಬರೆದು ಮುಗಿಸುತ್ತಿದ್ದರು. ಪಾಲ್ ಫಿಟ್ಸ್, ರಿಚರ್ಡ್ ಜೋನ್ಸ್ ಅಂತ ಇಬ್ಬರು ಮನಃಶಾಸ್ತ್ರಜ್ಞರು ಪೈಲಟ್‌ಗಳನ್ನು ಬೇರೆ ಥರ ಕೇಳಿದರು. ನೀವೋ, ನಿಮ್ಮ ಕಣ್ಣೆದುರು ಇನ್ಯಾರೋ ಕಾಕ್‌ಪಿಟ್‌ನಲ್ಲಿ ತಪ್ಪು ಮಾಡಿದ ಒಂದು ಪ್ರಸಂಗವನ್ನು ಪೂರ್ತಿ ವಿವರಿಸಿ ಅಂತ. ಹಾಗೆ ಸಿಕ್ಕ 460 ಪ್ರಸಂಗಗಳನ್ನು ಕೂಡಿಸಿ 1947ರಲ್ಲಿ ವರದಿ ಕೊಟ್ಟರು. ಓದುತ್ತಾ ಹೋದರೆ ಅವೇ ಅವೇ ಘಟನೆಗಳು ಮತ್ತೆ ಮತ್ತೆ ಬರುತ್ತವೆ. ಒಂದು ಹಿಡಿಕೆ ಅಂತ ಇನ್ನೊಂದನ್ನು ಎಳೆದಿದ್ದು. ರೆಕ್ಕೆಯ ಹಿಂದಿನ ಅಂಚಿನಲ್ಲಿ ಕೆಳಗೆ ಬಾಗುವ ಪಟ್ಟಿಗೆ ಫ್ಲಾಪ್ ಅಂತಾರೆ. ಅದರ ಹಿಡಿಕೆಯೂ ಚಕ್ರ ಇಳಿಸುವ ಹಿಡಿಕೆಯೂ ನೋಡೋಕೆ ಒಂದೇ ಥರ, ಇರೋದು ಅಕ್ಕಪಕ್ಕ. ವಿಮಾನ ಇಳಿಸಿ ಉಸಿರು ಬಿಟ್ಟವನು ಫ್ಲಾಪ್ ಅಂದುಕೊಂಡು ಚಕ್ರವನ್ನೇ ಮಡಿಸಿಬಿಡುತ್ತಿದ್ದ. ಅದೇ ಕಾಲದಲ್ಲಿ ಆಲ್ಫೋನ್ಸ್ ಚಪಾನಿಸ್ ಅನ್ನುವ ಇನ್ನೊಬ್ಬ ಮನಃಶಾಸ್ತ್ರಜ್ಞ ಇದಕ್ಕೆ ಮದ್ದು ಕಂಡುಹಿಡಿದ. ಚಕ್ರದ ಹಿಡಿಕೆಯ ತುದಿಗೆ ಪುಟ್ಟ ಚಕ್ರದ ಆಕಾರ, ಫ್ಲಾಪ್ ಹಿಡಿಕೆಗೆ ಫ್ಲಾಪ್ ಆಕಾರ. ಕೈ ಮುಟ್ಟಿದರೆ ಸಾಕು, ಯಾವುದು ಅಂತ ಗೊತ್ತಾಗಬೇಕು. ಇವತ್ತಿಗೂ ದೊಡ್ಡ ವಿಮಾನಗಳಲ್ಲಿ ಆ ಹಿಡಿಕೆಗಳು ಹಾಗೇ ಇರಬೇಕು ಅಂತ ಅಮೆರಿಕದಲ್ಲಿ ನಿಯಮವೇ ಇದೆ.

'ನಿಮ್ಮ ಕಾಕ್‌ಪಿಟ್ ಹೇಗಿದೆ?' ಅಂತ ಕೇಳಿದ್ದರೆ ಆ ಪೈಲಟ್‌ಗಳೂ 'ಚೆನ್ನಾಗಿದೆ ಸಾರ್' ಅಂತಿದ್ದರೇನೋ.

ಈಗ ನಮ್ಮೂರಿಗೆ ಬರೋಣ. ಒಂದು ಜವಳಿ ಅಂಗಡಿ. ಹೆಸರು ಬೇಡ. ದಾವಣಗೆರೆ ಬರೀ ಬೆಣ್ಣೆ ದೋಸೆ ಊರಲ್ಲ, ಮದುವೆ ಜವಳಿ ತೆಗೆಯುವ ಊರು. ಹರಿಹರ, ಹೊನ್ನಾಳಿ, ಚನ್ನಗಿರಿ, ಜಗಳೂರು, ಆ ಕಡೆ ಭರಮಸಾಗರ, ಹೊಳಲ್ಕೆರೆ, ಎಲ್ಲಾ ಕಡೆಯಿಂದ ಗಾಡಿ ಮಾಡಿಕೊಂಡು ಬರುತ್ತಾರೆ. ಹರಪನಹಳ್ಳಿಯನ್ನೇ ನೋಡಿ. 1997ರಲ್ಲಿ ದಾವಣಗೆರೆ ಜಿಲ್ಲೆ ಆದಾಗ ಇಲ್ಲಿಗೆ ಬಂತು, ಆಮೇಲೆ ಬಳ್ಳಾರಿಗೆ ಹೋಯಿತು, ಈಗ ವಿಜಯನಗರ ಜಿಲ್ಲೆ. ಕಚೇರಿ ಕೆಲಸಕ್ಕೆ ಎಲ್ಲಿಗೆ ಹೋಗುತ್ತಾರೋ, ಜವಳಿಗೆ ಮಾತ್ರ ಇಲ್ಲಿಗೇ ಬರುತ್ತಾರೆ.

ಅಂಗಡಿ ಸಾಹುಕಾರರ ತಲೆನೋವು ಹೀಗಿತ್ತು. ಮದುಮಗಳ ಧಾರೆ ಸೀರೆ ಇವರಲ್ಲೇ ತಗೊಳ್ಳುತ್ತಾರೆ. ರೇಷ್ಮೆಗೆ ಅಂಗಡಿ ಹೆಸರಾಗಿದೆ. ಆದರೆ ನೆಂಟರಿಗೆ ಕೊಡುವ ಸೀರೆ, ಗಂಡಸರ ಪಂಚೆ ಶಲ್ಯ, ಹುಡುಗರ ಬಟ್ಟೆ, ಅದೆಲ್ಲ ಬೇರೆ ಕಡೆ ಹೋಗುತ್ತದೆ. ನಿಜವಾದ ಲಾಭ ಅಲ್ಲೇ ಇರೋದು. ರೇಟು ಜಾಸ್ತಿ ಆಯ್ತಾ, ವೆರೈಟಿ ಸಾಲದಾ ಅಂತ ಅವರ ಅನುಮಾನ. ಮೇಲಿನ ಮಹಡಿಗೆ ಇನ್ನಷ್ಟು ಮಾಲು ತರಿಸುವ ಯೋಚನೆಯಲ್ಲಿದ್ದರು.

ನಾನು ಗಿರಾಕಿಗಳನ್ನು ಹುಡುಕಿಕೊಂಡು ಹೊರಟೆ. ಅಂಗಡಿ ಒಳಗೆ ಕೇಳಿದರೆ ಪ್ರಯೋಜನ ಇಲ್ಲ. ಸಾಹುಕಾರರು ಗಲ್ಲಾದಲ್ಲಿ ಕೂತು ನೋಡುತ್ತಿರುತ್ತಾರೆ. ನಮ್ಮೂರಲ್ಲಿ ಜನ ಬಾಯಿ ಬಿಡುವ ಜಾಗ ಬೇರೆ ಇದೆ. ಸಂಜೆ ಹೊತ್ತು, ಮಂಡಕ್ಕಿ ಮಿರ್ಚಿ ತಟ್ಟೆ ಕೈಯಲ್ಲಿ. ಬಾಯಿ ಖಾರ ಆದ ಮೇಲೆ ಮಾತು ತಾನಾಗೇ ಬರುತ್ತದೆ. ಮದುವೆ ಮುಗಿಸಿದ ಮನೆಗಳಿಗೂ ಹೋದೆ. ಅಲ್ಲಂತೂ ಫೋಟೋ ಆಲ್ಬಂ ತೆಗೆದು ಕೂರಿಸಿಕೊಂಡು ಹೇಳುತ್ತಾರೆ.

ಕೇಳಿದ್ದು ಒಂದೇ: 'ಜವಳಿಗೆ ಹೋದ ದಿನ ಏನೇನಾಯ್ತು? ಮನೆ ಬಿಟ್ಟಾಗಿಂದ ಹೇಳಿ.'

ಜಗಳೂರು ಕಡೆಯ ಒಬ್ಬ ತಾಯಿ ಹೇಳಿದ್ದು ಹೆಚ್ಚುಕಡಿಮೆ ಹೀಗೆ. "ಬೆಳಿಗ್ಗೆ ಐದಕ್ಕೇ ಎದ್ದು ಬುತ್ತಿ ಕಟ್ಟಿದ್ವಿ. ಅಷ್ಟು ಜನಕ್ಕೆ ಹೋಟ್ಲು ಖರ್ಚು ಯಾರು ಕೊಡ್ತಾರೆ? ಟೆಂಪೋ ಮಾಡಿದ್ವಿ. ಬೀಗರು ಅವರೂರಿಂದ ಸೀದಾ ಅಂಗಡಿ ಹತ್ರನೇ ಬರ್ತೀವಿ ಅಂದಿದ್ರು. ಅವರು ಬರೋದು ತಡ ಆಯ್ತು. ಅವರಿಲ್ದೆ ಒಳಗೆ ಹೋಗಂಗಿಲ್ಲ. ಹೋದ್ರೆ ಹುಡುಗರು ಸೀರೆ ಹರವಾಕೆ ಶುರು ಮಾಡ್ತಾರೆ, ಬೀಗರು ಬಂದು 'ಓ, ನೀವೇ ಆರಿಸಿಬಿಟ್ರಾ' ಅಂದ್ರೆ? ಅದಕ್ಕೇ ಹೊರಗೇ ನಿಂತ್ವಿ, ಬಿಸಿಲಲ್ಲಿ. ನಮ್ಮತ್ತೆಗೆ ಕಾಲು ನೋವು. ಮೆಟ್ಟಿಲ ಮೇಲೆ ಕೂತಿದ್ರು, ವಾಚ್‌ಮನ್ ಎದ್ದೇಳ್ರಿ ಅಂದ. ಆಮೇಲೆ ಒಳಗೆ ಹೋಗಿ ಧಾರೆ ಸೀರೆ ಆರಿಸೋದ್ರೊಳಗೆ ಊಟದ ಹೊತ್ತು ಮೀರಿತ್ತು. ಹುಡುಗರು ಅಳ್ತಿದ್ವು. ಬುತ್ತಿ ಗಾಡಿಯೊಳಗೆ, ಗಾಡಿ ದೂರದಲ್ಲಿ. ಧಾರೆ ಸೀರೆಗೆ ದುಡ್ಡು ಕೊಟ್ಟು, ಊಟ ಮಾಡ್ಕಂಡು ಬರ್ತೀವಿ ಅಂತ ಹೊರಟ್ವಿ. ಉಂಡ್ವಿ. ಮತ್ತೆ ಅಷ್ಟು ದೂರ ಯಾರು ನಡೀತಾರೆ? ಗಾಡಿ ನಿಂತಿದ್ದ ಕಡೆನೇ ಒಂದು ಅಂಗಡಿ ಇತ್ತು. ಉಳಿದಿದ್ದೆಲ್ಲ ಅಲ್ಲೇ ತಗಂಡ್ವಿ."

ಕೊನೆಗೆ ಸಾಹುಕಾರರ ಅಂಗಡಿ ಬಗ್ಗೆ ಏನಂದರು ಗೊತ್ತಾ? "ಅಂಗಡಿ ಚೆನ್ನಾಗೈತ್ರಿ."

ರೇಟಿನ ಮಾತು ಬರಲೇ ಇಲ್ಲ. ವೆರೈಟಿ ಮಾತೂ ಇಲ್ಲ. ವ್ಯಾಪಾರ ಕೈ ಬಿಟ್ಟಿದ್ದು ಗಾಡಿ ನಿಂತ ಜಾಗಕ್ಕೆ, ಬುತ್ತಿಗೆ. ಇಂಥದ್ದನ್ನು ಯಾವ ಫಾರ್ಮ್‌ನಲ್ಲಿ ಬರೆಯೋಕೆ ಜಾಗ ಇರುತ್ತದೆ ಹೇಳಿ? ಆ ತಾಯಿಗೇ ಇದು ಅಂಗಡಿಯ ಕೊರತೆ ಅಂತ ಅನಿಸಿಲ್ಲ. ಅವರ ಪಾಲಿಗೆ ಅದು ಆ ದಿನದ ಪಾಡು, ಅಷ್ಟೇ. ಅದಕ್ಕೇ ನಾನು 'ನಿಮಗೆ ಏನು ಬೇಕು?' ಅಂತ ಕೇಳಲ್ಲ. 'ಯಾಕೆ ಹಾಗೆ ಮಾಡಿದ್ರಿ?' ಅಂತಲೂ ಜಾಸ್ತಿ ಕೇಳಲ್ಲ. ಯಾಕೆ ಅಂದ ಕೂಡಲೇ ಜನ ಕಟಕಟೆಯಲ್ಲಿ ನಿಂತವರ ಥರ ಆಗುತ್ತಾರೆ, ಚೆಂದದ ಕಾರಣವೊಂದನ್ನು ಅಲ್ಲೇ ಹುಟ್ಟಿಸಿ ಹೇಳುತ್ತಾರೆ. 'ಆಮೇಲೆ?' ಅಂದರೆ ಸಾಕು. ಯಾರು ಜೊತೆಗಿದ್ದರು, ಆಗ ಗಂಟೆ ಎಷ್ಟು, ಎಲ್ಲಿ ಕೂತಿರಿ, ಕೈಯಲ್ಲಿ ಏನಿತ್ತು. ಇಷ್ಟು ಸಿಕ್ಕರೆ ಯಾಕೆ ಅನ್ನೋದು ತಾನಾಗೇ ಕಾಣುತ್ತದೆ.

ಚಿತ್ರದುರ್ಗದ ಕೋಟೆ ನೋಡೋಕೆ ಹೋದವರೆಲ್ಲ ಓಬವ್ವನ ಕಿಂಡಿ ಮುಂದೆ ನಿಂತೇ ನಿಲ್ಲುತ್ತಾರೆ. ಕಥೆ ಗೊತ್ತಿಲ್ಲದವರಿಗೆ ಅದು ಬಂಡೆಗಳ ನಡುವಿನ ಒಂದು ಸಂದು. ಕಥೆ ಗೊತ್ತಿದ್ದವರು ಬಗ್ಗಿ ಇಣುಕುತ್ತಾರೆ, ಒಬ್ಬ ಮನುಷ್ಯ ತೂರೋಕೆ ಆಗುತ್ತಾ ಅಂತ ಅಳೆಯುತ್ತಾರೆ. ನನಗೆ ಆ ಕಥೆಯಲ್ಲಿ ಒನಕೆಗಿಂತ ಮುಂಚೆ ಬರುವ ಮಾತು ಇಷ್ಟ. ಕಾವಲುಗಾರ ಊಟಕ್ಕೆ ಕೂತಿದ್ದ. ಹೆಂಡತಿ ನೀರು ತರೋಕೆ ಅಂತ ಬಂದಳು, ಹೈದರಾಲಿಯ ಸೈನಿಕರು ಕಿಂಡಿಯಲ್ಲಿ ತೂರುತ್ತಿರೋದು ಕಂಡಳು. ಕೋಟೆಯ ಭದ್ರತೆ ಹೇಗಿದೆ ಅಂತ ಆ ದಿನ ಯಾರಾದರೂ ವರದಿ ಬರೆದಿದ್ದರೆ ಏಳು ಸುತ್ತು, ಎತ್ತರದ ಗೋಡೆ, ಬಾಗಿಲು ಭದ್ರ ಅಂತ ಬರೆಯುತ್ತಿದ್ದರು. ಊಟದ ಹೊತ್ತು ಅನ್ನೋದು ಕಥೆಯಲ್ಲಿ ಮಾತ್ರ ಉಳಿದಿದೆ.

ಜವಳಿ ಅಂಗಡಿಯಲ್ಲೂ ಸಂದು ಇದ್ದಿದ್ದು ಊಟದ ಹೊತ್ತಿನಲ್ಲೇ. ಒಬ್ಬರ ಕಥೆ ನಂಬಿ ಗೋಡೆ ಒಡೆಸೋಕೆ ಆಗಲ್ಲ. ಹಾಗಾಗಿ ಬಿಲ್ಲುಗಳನ್ನು ಹೊತ್ತಿನ ಪ್ರಕಾರ ಜೋಡಿಸಿ ನೋಡಿದೆವು. ಮಧ್ಯಾಹ್ನಕ್ಕೆ ಮುಂಚೆ ದೊಡ್ಡ ಬಿಲ್ಲು ಮಾಡಿದ ಗುಂಪುಗಳು ಮಧ್ಯಾಹ್ನದ ಮೇಲೆ ಕಾಣಿಸುತ್ತಲೇ ಇರಲಿಲ್ಲ. ಬಿಲ್ಲಿನ ಲೆಕ್ಕ ಅಂಗಡಿಯವರ ಹತ್ತಿರ ಮೊದಲಿಂದಲೂ ಇತ್ತು. ಅದರಲ್ಲಿ ಏನು ಹುಡುಕಬೇಕು ಅಂತ ಗೊತ್ತಿರಲಿಲ್ಲ.

ಸಾಹುಕಾರರು ಮಾಲು ತರಿಸೋದು ಬಿಟ್ಟು ಮೇಲಿನ ಮಹಡಿಯ ಅರ್ಧ ಖಾಲಿ ಮಾಡಿಸಿದರು. ಅಲ್ಲಿ ಜಮಖಾನ ಹಾಸಿ, ಫ್ಯಾನು, ಕುಡಿಯೋ ನೀರು, ಕೈ ತೊಳೆಯೋಕೆ ನಲ್ಲಿ. ಬುತ್ತಿ ತಂದವರು ಅಲ್ಲೇ ಉಣ್ಣಬಹುದು. ಬೀಗರಿಗೆ ಕಾಯುವವರಿಗೆ ಬಾಗಿಲ ಹತ್ತಿರವೇ ಬೆಂಚು. ಅಲ್ಲಿ ಕೂತವರ ಹತ್ತಿರ ಯಾವ ಹುಡುಗನೂ ಸೀರೆ ಹಿಡಿದು ಬರುವ ಹಾಗಿಲ್ಲ. ಆರಿಸಿಟ್ಟಿದ್ದನ್ನು ಒಂದು ಬುಟ್ಟಿಗೆ ಹಾಕಿ ಮನೆತನದ ಹೆಸರು ಬರೆದ ಚೀಟಿ ಅಂಟಿಸುತ್ತಾರೆ. ದೊಡ್ಡ ಸಂಶೋಧನೆ ಏನಲ್ಲ. ಆದರೆ ಬುತ್ತಿ ಬಿಚ್ಚಿ ಉಂಡ ಜಾಗದಿಂದ ಜನ ಅಷ್ಟು ಸುಲಭಕ್ಕೆ ಎದ್ದು ಬೇರೆ ಅಂಗಡಿಗೆ ಹೋಗಲ್ಲ.

ಕಥೆ ಕೇಳುತ್ತಾ ಹೋದರೆ ಕೇಳದೇ ಇದ್ದದ್ದೂ ಸಿಗುತ್ತದೆ. 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಶುರುವಾಯಿತಲ್ಲ, ಹೆಂಗಸರಿಗೆ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ಟಿಗೆ ದುಡ್ಡಿಲ್ಲ. ಆಮೇಲಿನ ಕಥೆಗಳಲ್ಲಿ ಒಂದು ಹೊಸ ಅಧ್ಯಾಯ ಸೇರಿಕೊಂಡಿತ್ತು. ಜವಳಿ ದಿನಕ್ಕಿಂತ ಮುಂಚೆ ತಾಯಿ, ಮಗಳು, ಚಿಕ್ಕಮ್ಮ, ಇಷ್ಟೇ ಜನ ಬಸ್ಸು ಹತ್ತಿ ಬಂದು ಒಂದು ಸುತ್ತು ನೋಡಿ ಹೋಗುತ್ತಾರೆ. ಏನೂ ಕೊಳ್ಳಲ್ಲ. ಯಾವ ಅಂಗಡಿಗೆ ಗಾಡಿ ನಿಲ್ಲಿಸಬೇಕು ಅಂತ ನಿರ್ಧಾರ ಆಗೋದು ಆ ದಿನ. ಸೇಲ್ಸ್ ಹುಡುಗರ ಬಾಯಲ್ಲಿ ಇವರ ಹೆಸರು 'ಸುಮ್ನೆ ನೋಡೋಕೆ ಬಂದೋರು'. ಇವರನ್ನು ಕಂಡರೆ ಗಾದಿಯಿಂದ ಏಳೋದೇ ಇಲ್ಲ. ಸಾಲದ್ದಕ್ಕೆ ಕಂಬದ ಮೇಲೆ ದೊಡ್ಡ ಬೋರ್ಡು: ಫೋಟೋ ತೆಗೆಯಬಾರದು. ಬೇರೆ ಅಂಗಡಿಯವರು ಡಿಸೈನ್ ಕದಿಯುತ್ತಾರೆ ಅಂತ ಯಾವಾಗಲೋ ಹಾಕಿದ್ದು. ಮಗಳು ಸೀರೆಯ ಫೋಟೋ ತೆಗೆದು ಮನೆಯ ವಾಟ್ಸಾಪ್ ಗ್ರೂಪಿಗೆ ಹಾಕಬೇಕು, ದುಬೈಯಲ್ಲಿರೋ ಅಣ್ಣ ನೋಡಬೇಕು, ಅತ್ತಿಗೆ ಒಪ್ಪಬೇಕು. ಬೋರ್ಡು ನೋಡಿ ಮೊಬೈಲ್ ಚೀಲಕ್ಕೆ ಹಾಕಿಕೊಂಡು ಹೊರಟರು. ಫೋಟೋ ಇದ್ದ ಅಂಗಡಿಗೆ ಗಾಡಿ ಹೋಯಿತು. ಆ ಬೋರ್ಡು ಇಳಿಸೋಕೆ ಸಾಹುಕಾರರನ್ನು ಒಪ್ಪಿಸೋದು ಮಹಡಿ ಖಾಲಿ ಮಾಡಿಸಿದ್ದಕ್ಕಿಂತ ಕಷ್ಟ ಆಯಿತು. ಈಗ ಹುಡುಗರೇ ಫೋಟೋ ತೆಗೆದು ಕಳಿಸುತ್ತಾರೆ, ಸೀರೆಯ ನಂಬರ್ ಬರೆದ ಚೀಟಿ ಪಕ್ಕದಲ್ಲಿಟ್ಟು.

ನಮ್ಮ ವೃತ್ತಿಯಲ್ಲಿ ಪರ್ಸೋನಾ ಅಂತ ಒಂದು ಪದ್ಧತಿ ಇದೆ. ಆಲನ್ ಕೂಪರ್ ಅನ್ನುವ ಅಮೆರಿಕದ ಸಾಫ್ಟ್‌ವೇರ್ ವಿನ್ಯಾಸಕಾರ 1990ರ ದಶಕದ ಕೊನೆಗೆ ಜನಪ್ರಿಯ ಮಾಡಿದ್ದು. ನಿಜವಾದ ಬಳಕೆದಾರರನ್ನು ಕಂಡು ಮಾತಾಡಿ, ಅವರೆಲ್ಲರ ಪರವಾಗಿ ಒಂದು ಪಾತ್ರ ಕಟ್ಟೋದು. ಕೂಪರ್ ಹೇಳಿದ ಹಾಗೆ ಮಾಡಿದರೆ ಒಳ್ಳೆಯದೇ. ಮಾಡೋರು ಕಡಿಮೆ. ಎಸಿ ರೂಮಿನಲ್ಲಿ ಕೂತು, ಇಂಟರ್‌ನೆಟ್ಟಿನಿಂದ ಒಂದು ನಗುಮುಖ ಇಳಿಸಿಕೊಂಡು, ಕೆಳಗೆ ಬರೆಯುತ್ತಾರೆ: 'ರಮೇಶ, ರೈತ, ಸ್ಮಾರ್ಟ್‌ಫೋನ್ ಬಳಸುತ್ತಾನೆ, ಒಳ್ಳೆ ಬೆಲೆ ಬೇಕು.' ಒಳ್ಳೆ ಬೆಲೆ ಯಾರಿಗೆ ಬೇಡ ಸ್ವಾಮಿ? ಮೆಕ್ಕೆಜೋಳ ಬೆಳೆಯೋರಿಗೆ ಆಪ್ ಮಾಡಬೇಕು ಅಂತ ಬಂದ ಹುಡುಗರು ನನಗೆ ಇಂಥದ್ದೇ ರಮೇಶನನ್ನು ತೋರಿಸಿದ್ದರು. ಬೆಲೆಯ ಗ್ರಾಫ್, ಕಳೆದ ವಾರದ ಹೋಲಿಕೆ, ಬಣ್ಣಬಣ್ಣದ ಗೆರೆ. ದಾವಣಗೆರೆ ಎಪಿಎಂಸಿಗೆ ಮೆಕ್ಕೆಜೋಳ ತಂದವರನ್ನು ಹಿಂದಿನ ದಿನದಿಂದ ಹೇಳಿ ಅಂತ ಕೇಳಿದರೆ ಕಥೆ ಶುರುವಾಗೋದು ಆಕಾಶದಿಂದ. ಮೋಡ ಆಗಿತ್ತು. ರಾಶಿ ರಸ್ತೆ ಮೇಲೆ ಒಣಗಿಸಿದ್ದೆ. ತಾಡಪಾಲು ಒಂದೇ ಇತ್ತು. ಬೆಂಬಲ ಬೆಲೆಯ ಖರೀದಿಗೆ ತೇವಾಂಶ ಶೇ. 14 ದಾಟೋ ಹಾಗಿಲ್ಲ, ಖಾಸಗಿಯವರೂ ಹಸಿ ಕಂಡರೆ ಬೆಲೆ ಮುರಿಯುತ್ತಾರೆ. ಒಣಗಿಸೋಣ ಅಂದರೆ ಮಳೆ, ತರೋಣ ಅಂದರೆ ಹಸಿ. ಅವನಿಗೆ ಬೇಕಿರೋದು ಗ್ರಾಫ್ ಅಲ್ಲ. ಇವತ್ತು ರಾತ್ರಿ ಲೋಡ್ ಮಾಡಲಾ, ಎರಡು ದಿನ ತಡೀಲಾ ಅನ್ನೋದು. ಆ ಆಪ್‌ನ ಮೊದಲ ಪರದೆಯಲ್ಲಿ ಈಗ ಮಳೆಯ ಮುನ್ಸೂಚನೆ ಇದೆ. ರಮೇಶನ ನಗುಮುಖ ಗೋಡೆಯ ಮೇಲೆ ಇನ್ನೂ ಇದೆ, ಇರಲಿ ಬಿಡಿ.

ಕಥೆಗೆ ತನ್ನದೇ ಮೋಸಗಳೂ ಇವೆ. ಚೆನ್ನಾಗಿ ಹೇಳುವವರ ಕಥೆ ತಲೆಯಲ್ಲಿ ಉಳಿಯುತ್ತದೆ, ತಡವರಿಸುತ್ತಾ ಹೇಳಿದವರದ್ದು ಮರೆಯುತ್ತದೆ. ನೆನಪು ಕೂಡ ಇದ್ದದ್ದನ್ನು ಇದ್ದ ಹಾಗೆ ಇಡಲ್ಲ. 1996ರಲ್ಲಿ ಡೊನಾಲ್ಡ್ ರೆಡೆಲ್‌ಮೇಯರ್ ಮತ್ತು ಡೇನಿಯಲ್ ಕಾನ್ಮನ್ ಕರುಳಿನ ತಪಾಸಣೆ ಮಾಡಿಸಿಕೊಂಡ ರೋಗಿಗಳ ಮೇಲೆ ಒಂದು ಅಧ್ಯಯನ ಪ್ರಕಟಿಸಿದರು. ತಪಾಸಣೆ ನಡೆಯುವಾಗಲೇ ನಿಮಿಷ ನಿಮಿಷಕ್ಕೂ ನೋವು ಎಷ್ಟು ಅಂತ ಕೇಳಿದರು, ಮುಗಿದ ಮೇಲೆ ಒಟ್ಟಾರೆ ಹೇಗಿತ್ತು ಅಂತ ಕೇಳಿದರು. ತಪಾಸಣೆ ಎಷ್ಟು ಹೊತ್ತು ನಡೆಯಿತು ಅನ್ನೋದು ನೆನಪಿನಲ್ಲಿ ಹೆಚ್ಚು ಲೆಕ್ಕಕ್ಕೆ ಬರಲಿಲ್ಲ. ಅತಿ ಹೆಚ್ಚು ನೋವಾದ ಗಳಿಗೆ ಮತ್ತು ಕೊನೆಯ ಗಳಿಗೆ, ಇವೆರಡೇ ಹೆಚ್ಚಾಗಿ ಒಟ್ಟು ನೆನಪನ್ನು ತೀರ್ಮಾನ ಮಾಡುತ್ತಿದ್ದವು.

ಹಾಗಾದರೆ ಕಥೆ ಸುಳ್ಳಾ? ನನ್ನ ಪ್ರಕಾರ ಆ ಪ್ರಶ್ನೆಯೇ ಇಲ್ಲಿಗೆ ಹೊಂದಲ್ಲ. ಮುಂದಿನ ಮದುವೆಗೆ ಯಾವ ಅಂಗಡಿ ಅಂತ ಮನೆಯಲ್ಲಿ ಮಾತು ಬಂದಾಗ ಕೆಲಸ ಮಾಡೋದು ಆ ನೆನಪೇ, ಸಿಸಿಟಿವಿ ದಾಖಲೆಯಲ್ಲ. ಜವಳಿ ಅಂಗಡಿಯ ಕಥೆಗಳಲ್ಲಿ ಕೊನೆಯ ಗಳಿಗೆ ಯಾವುದು ಗೊತ್ತಾ? ಬಾಗಿಲಲ್ಲಿ ನಿಂತು ಬಿಲ್ಲಿಗೆ ತೂತು ಹೊಡೆಯುವವನು. ಇಡೀ ದಿನ ಕೂತು ದುಡ್ಡು ಸುರಿದು, ಮದುಮಗಳ ಸೀರೆ ಎದೆಗವಚಿಕೊಂಡು ಹೊರಟರೆ, 'ಚೀಲ ತೆಗೀರಿ' ಅಂತಾನೆ. 'ಕಳ್ಳರ ಥರ ನೋಡಿದ್ರು' ಅನ್ನೋ ಮಾತು ಎಷ್ಟೋ ಮನೆಗಳಲ್ಲಿ ಬಂತು. ಅಂಗಡಿಯವರಿಗೂ ಕಾರಣ ಇದೆ, ಮಾಲು ಕಳುವಾಗುತ್ತದೆ. ಆದರೂ ಪಾರ್ಸೆಲ್ ಕೌಂಟರಿನಲ್ಲೇ ಎಣಿಸಿ ಸೀಲ್ ಮಾಡಿದರೆ ಬಾಗಿಲಲ್ಲಿ ಬರೀ 'ಮದುವೆ ಚೆನ್ನಾಗಿ ಆಗಲಿ ಅಮ್ಮ' ಅಂತ ಹೇಳಿ ಕಳಿಸಬಹುದು ಅಲ್ವಾ? ಹಾಗೇ ಮಾಡಿದ್ದಾರೆ. ವಾಚ್‌ಮನ್ ಮೊದಲು ಗೊಣಗಿದ. ಈಗ ಮದುವೆ ಯಾವತ್ತು, ಎಲ್ಲಿ ಅಂತ ತಾನೇ ವಿಚಾರಿಸುತ್ತಾನೆ.

ಬಗೆಹರಿಯದೇ ಉಳಿದಿರೋದು ಬೀಗರ ಮುಂದೆ ಬೆಲೆ ಹೇಳುವ ವಿಷಯ. ಇದು ಬಹಳ ಮನೆಗಳ ಕಥೆಯಲ್ಲಿ ಬಂತು, ಪ್ರತಿ ಸಲವೂ ದನಿ ತಗ್ಗಿಸಿಯೇ ಹೇಳಿದರು. ಹುಡುಗ ಸೀರೆ ಹರವಿ 'ಹದಿನೆಂಟು ಸಾವಿರ' ಅಂತ ಜೋರಾಗಿ ಹೇಳುತ್ತಾನೆ. ದುಡ್ಡು ಕೊಡುವ ಅಪ್ಪ ಜಾಸ್ತಿ ಆಯ್ತು ಅನ್ನೋ ಹಾಗಿಲ್ಲ, ಎದುರಿಗೆ ಬೀಗರು. ಕಡಿಮೆಯದ್ದು ತೋರಿಸು ಅಂತಲೂ ಅನ್ನೋಕಾಗಲ್ಲ. ಆಗ ಅವನಿಗೆ ಉಳಿಯೋದು ಒಂದೇ ದಾರಿ: 'ಕಲರ್ ಯಾಕೋ ಸರಿ ಕಾಣ್ತಿಲ್ಲ' ಅನ್ನೋದು. ಹುಡುಗ ಪಾಪ, ಅದನ್ನು ನಿಜ ಅಂತ ನಂಬಿ ಅದೇ ಬೆಲೆಯ ಇನ್ನೊಂದು ಕಲರ್ ತೆಗೆದು ಹರವುತ್ತಾನೆ. ಇಡೀ ಕಪಾಟು ಖಾಲಿ ಆಗುತ್ತದೆ, ಯಾವುದೂ ಒಪ್ಪಿಗೆ ಆಗಲ್ಲ. ಕೊನೆಗೆ 'ಸ್ವಲ್ಪ ಸುತ್ತಾಡಿ ಬರ್ತೀವಿ' ಅಂತ ಎದ್ದು ಹೋಗುತ್ತಾರೆ. ಅಂಗಡಿಯ ಲೆಕ್ಕದಲ್ಲಿ ಅದು 'ಕಲರ್ ಸಾಲದು' ಅಂತ ದಾಖಲಾಗುತ್ತದೆ, ಸಾಹುಕಾರರು ಇನ್ನಷ್ಟು ಕಲರ್ ತರಿಸುತ್ತಾರೆ.

ಇದಕ್ಕೆ ಒಂದು ಉಪಾಯ ಮಾಡಿದ್ದೇವೆ. ಒಳಗೆ ಬರುವಾಗಲೇ ಮನೆಯ ಹಿರಿಯರ ಕೈಗೆ ಒಂದು ಕಾರ್ಡು ಕೊಡೋದು, ಅದರಲ್ಲಿ ಬೆಲೆಯ ಹಂತಗಳಿಗೆ ಹೂವಿನ ಹೆಸರು. ಸೇವಂತಿಗೆ ಅಂದರೆ ಇಷ್ಟರ ಒಳಗೆ, ಕನಕಾಂಬರ ಅಂದರೆ ಇಷ್ಟರ ಒಳಗೆ. ಹುಡುಗ ಗಾದಿಯ ಮೇಲೆ ಬೆಲೆ ಕೂಗಲ್ಲ. 'ಸೇವಂತಿಗೆ ತೋರಿಸಪ್ಪ' ಅಂದರೆ ಬೀಗರಿಗೆ ಡಿಸೈನ್ ಹೆಸರು ಅನಿಸುತ್ತದೆ. ಸೀನಿಯರ್ ಸೇಲ್ಸ್‌ಮನ್ ಒಬ್ಬರಿಗೆ ಇದು ಸ್ವಲ್ಪವೂ ಇಷ್ಟ ಇಲ್ಲ. ಮೊದಲು ದುಬಾರಿ ಸೀರೆ ಹರವಿದರೆ ಆಮೇಲಿನದ್ದು ಅಗ್ಗ ಅನಿಸುತ್ತದೆ, ಇಷ್ಟು ವರ್ಷ ಹಾಗೇ ಮಾರಿದ್ದೀನಿ ಅಂತ ಅವರ ವಾದ. ಅವರು ಹೇಳೋದರಲ್ಲೂ ಹುರುಳಿದೆ. ಸದ್ಯಕ್ಕೆ ಒಂದು ಗಾದಿಯಲ್ಲಿ ಮಾತ್ರ ಕಾರ್ಡು, ಉಳಿದ ಗಾದಿಗಳಲ್ಲಿ ಹಳೇ ಪದ್ಧತಿ. ದೀಪಾವಳಿ ಆದ ಮೇಲೆ ಮದುವೆ ಸೀಜನ್ ಶುರುವಾಗುತ್ತದೆ, ಆಗ ಎರಡೂ ಥರದ ಗಾದಿಯ ಗಿರಾಕಿಗಳ ಮನೆಗೆ ಹೋಗಿ ಕೇಳಬೇಕು.